ಐದು ಬಗೆಯ ಕಾಯಿಲ್ ತಂತಿ ಸುತ್ತಿ ನೋಡಿದ ಮೇಲೆ

ನಾನು ಮೋಟಾರ್ ರಿವೈಂಡಿಂಗ್ ಕೆಲಸದವನು. ದಿನವಿಡೀ ಕೈಯಲ್ಲಿ ತಾಮ್ರದ ತಂತಿ ಇರುತ್ತದೆ. ಸಿಗರೇಟು ಬಿಡಲೇಬೇಕು ಅಂತ ವೇಪ್, ಅಂದರೆ ಹತ್ತಿ ಹೀರಿದ ನಿಕೋಟಿನ್ ದ್ರವವನ್ನು ಬಿಸಿ ತಂತಿಯಿಂದ ಆವಿ ಮಾಡುವ ಇ-ಸಿಗರೇಟು, ಹಿಡಿದಾಗ ಅದರೊಳಗಿನ ರೆಡಿಮೇಡ್ ಕಾಯಿಲ್ ವಾರಕ್ಕೊಂದು ಸುಟ್ಟು ಕರಕಲಾಗುತ್ತಿತ್ತು. ಒಂದನ್ನು ಬಿಚ್ಚಿ ನೋಡಿದೆ. ಒಳಗೆ ಇದ್ದದ್ದು ಕೆಲವು ಸುತ್ತು ತಂತಿ, ಅದಕ್ಕೆ ಸುತ್ತಿದ ಒಂದಿಷ್ಟು ಹತ್ತಿ. ಇದನ್ನು ನಾನೇ ಸುತ್ತಬಹುದಲ್ವಾ ಅನಿಸಿತು. ಆಮೇಲೆ ಒಂದು ರೀಬಿಲ್ಡಬಲ್ ಅಟೊಮೈಸರ್ ತಂದೆ, ಅಂದರೆ ಕಾಯಿಲ್ ಅನ್ನು ನಾವೇ ಸುತ್ತಿ ಕೂರಿಸಬಹುದಾದ ಆವಿ ಭಾಗ. ಈ ಎರಡು ವರ್ಷದಲ್ಲಿ ಕ್ಯಾಂಥಲ್, ನಿಕ್ರೋಮ್, ಸ್ಟೇನ್‌ಲೆಸ್ ಸ್ಟೀಲ್, ನಿಕ್ಕಲ್, ಟೈಟೇನಿಯಂ ಐದನ್ನೂ ಸುತ್ತಿ, ಬಳಸಿ ನೋಡಿದ್ದೇನೆ. ಯಾವುದನ್ನು ಮತ್ತೆ ಕೊಳ್ಳುತ್ತೇನೆ, ಯಾವುದನ್ನು ಮುಟ್ಟುವುದಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಸಿಗರೇಟು ಸೇದದವರು ಇದನ್ನು ಶುರು ಮಾಡಲೇಬೇಡಿ. ನಿಕೋಟಿನ್ ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಈ ಬರಹ ಈಗಾಗಲೇ ಕಾಯಿಲ್ ಸುತ್ತುತ್ತಿರುವ ದೊಡ್ಡವರಿಗೆ ಮಾತ್ರ.

ತಂತಿ ಬದಲಾದರೆ ಏನು ಬದಲಾಗುತ್ತದೆ ಅಂತ ನನಗೆ ಅರ್ಥವಾದದ್ದು ಒಂದು ಸಂಜೆ ಮಾಡಿದ ಸಣ್ಣ ಪರೀಕ್ಷೆಯಿಂದ. 26 ಗೇಜ್ ತಂತಿ (ಗೇಜ್ ಅಂದರೆ ದಪ್ಪದ ಅಳತೆ, ಸಂಖ್ಯೆ ಏರಿದಷ್ಟೂ ತಂತಿ ತೆಳು), 3 ಮಿಲಿಮೀಟರ್ ಡ್ರಿಲ್ ಬಿಟ್ ಮೇಲೆ 6 ಸುತ್ತು. ಕಾಲುಗಳ, ಅಂದರೆ ತಂತಿಯ ಎರಡು ತುದಿಗಳ, ಉದ್ದವೂ ಒಂದೇ. ಮೂರು ಲೋಹದಲ್ಲಿ ಮೂರು ಕಾಯಿಲ್ ಮಾಡಿ ಒಂದೇ ಡೆಕ್ (ಅಟೊಮೈಸರ್ ಒಳಗೆ ಕಾಯಿಲ್ ಕೂರುವ ಪೀಠ) ಮೇಲೆ ಒಂದಾದ ಮೇಲೆ ಒಂದು ಕೂರಿಸಿದೆ. ಕ್ಯಾಂಥಲ್ ಸುಮಾರು 0.8 ಓಮ್ ತೋರಿಸಿತು. ನಿಕ್ರೋಮ್ 0.6ರ ಹತ್ತಿರ ನಿಂತಿತು. ಸ್ಟೀಲ್ 0.4ಕ್ಕೆ ಇಳಿಯಿತು. ನೋಡಲು ಮೂರೂ ಅವಳಿ ಮಕ್ಕಳ ಹಾಗಿದ್ದವು. ಆದರೆ ಒಂದರ ರೆಸಿಸ್ಟೆನ್ಸ್ ಇನ್ನೊಂದರ ಅರ್ಧ. 4.2 ವೋಲ್ಟ್ ತುಂಬಿದ ಬ್ಯಾಟರಿಯಿಂದ ಮೊದಲನೆಯದು 5 ಆಂಪಿಯರ್ ಎಳೆದರೆ ಮೂರನೆಯದು 10 ಎಳೆಯುತ್ತದೆ. ಚಿಪ್ ಇಲ್ಲದ ಮೆಕ್ಯಾನಿಕಲ್ ಮಾಡ್ (ಮಾಡ್ ಅಂದರೆ ವೇಪ್‌ನ ಬ್ಯಾಟರಿ ಇರುವ ಭಾಗ) ಬಳಸುವವರು ಈ ಲೆಕ್ಕ ಬಿಟ್ಟರೆ ಬ್ಯಾಟರಿಗೇ ಅಪಾಯ.

ಕ್ಯಾಂಥಲ್ ಎ1 ನನ್ನ ಮೊದಲ ಸ್ಪೂಲ್. ಕಬ್ಬಿಣ, ಸುಮಾರು 22 ಶೇಕಡಾ ಕ್ರೋಮಿಯಂ, 6 ಶೇಕಡಾದ ಹತ್ತಿರ ಅಲ್ಯುಮಿನಿಯಂ. ಸ್ವೀಡನ್‌ನಲ್ಲಿ 1920ರ ದಶಕದಲ್ಲಿ ಹುಟ್ಟಿದ ಮಿಶ್ರಲೋಹ ಇದು, ಕುಲುಮೆಗಳಿಗಾಗಿ ಮಾಡಿದ್ದು. ಹಾಗಾಗಿ 1400 ಡಿಗ್ರಿಯವರೆಗೂ ತಡೆಯುತ್ತದೆ. ಕಲಿಯುವವನ ಕೈಗೆ ಇದಕ್ಕಿಂತ ಕ್ಷಮಿಸುವ ತಂತಿ ಸಿಗದು. ಕಾಯಿಸಿ ಕಾಯಿಸಿ ಬಿಟ್ಟರೂ ತುಂಡಾಗುವುದಿಲ್ಲ.

ಹೊಸ ಕ್ಯಾಂಥಲ್ ಕಾಯಿಲ್‌ಗೆ ಮೊದಲ ಸಲ ಕರೆಂಟ್ ಕೊಟ್ಟಾಗ ಗಮನಿಸಿ. ಒಂದು ಸುತ್ತು ಕೆಂಪಾಗುತ್ತದೆ, ಪಕ್ಕದ್ದು ಕಪ್ಪಗೇ ಇರುತ್ತದೆ, ಕಾಲಿನ ಹತ್ತಿರ ಒಂದು ಚುಕ್ಕಿ ಮಾತ್ರ ಉರಿಯುತ್ತದೆ. ಸುತ್ತುಗಳು ಒಂದಕ್ಕೊಂದು ತಾಗಿ ಕರೆಂಟ್ ಅಡ್ಡದಾರಿ ಹಿಡಿದಿದೆ ಅಂತ ಅರ್ಥ. ಆಗ ವ್ಯಾಟ್ ಕಡಿಮೆ ಇಟ್ಟು ಒಂದೊಂದೇ ಸೆಕೆಂಡ್ ಒತ್ತಿ ಬಿಡಬೇಕು. ಸೆರಾಮಿಕ್ ಚಿಮಟದ ತುದಿಯಿಂದ ವೀಣೆ ತಂತಿ ಮೀಟಿದ ಹಾಗೆ ಸುತ್ತುಗಳನ್ನು ಮೆಲ್ಲಗೆ ಮೀಟಬೇಕು. ಗುಂಡಿ ಬಿಟ್ಟ ಮೇಲೆ ಎರಡೂ ಕಡೆಯಿಂದ ಹಿಡಿದು ಒತ್ತಬೇಕು. ಬಿಸಿಗೆ ಅಲ್ಯುಮಿನಿಯಂ ಮೇಲೆ ಬಂದು ತೆಳ್ಳಗೆ ಆಕ್ಸೈಡ್ ಪದರ ಕಟ್ಟುತ್ತದೆ. ಆ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ. ಆಮೇಲೆ ಸುತ್ತುಗಳು ತಾಗಿಕೊಂಡಿದ್ದರೂ ಕೆಂಪು ನಟ್ಟನಡುವೆ ಹುಟ್ಟಿ ಎರಡೂ ತುದಿಗೆ ಸಮವಾಗಿ ಹರಡುತ್ತದೆ. ಅದನ್ನು ಕಂಡಾಗ ಚೆನ್ನಾಗಿ ಸುತ್ತಿದ ಮೋಟಾರ್ ಮೊದಲ ಸಲ ಸದ್ದಿಲ್ಲದೆ ತಿರುಗಿದಷ್ಟೇ ಖುಷಿ ನನಗೆ.

ಕ್ಯಾಂಥಲ್‌ನ ಕೊರತೆ ಅಂದರೆ ಅದು ಸ್ಪ್ರಿಂಗ್ ಹಾಗೆ ಪುಟಿಯುತ್ತದೆ. ಸುತ್ತಿ ಬಿಟ್ಟ ಕೂಡಲೇ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ದಪ್ಪ ತಂತಿಯ ಕಾಲುಗಳನ್ನು ಇಕ್ಕಟ್ಟಾದ ಡೆಕ್‌ನ ತೂತಿಗೆ ಬಗ್ಗಿಸುವಾಗ ಕಾಯಿಲ್ ಪೂರ್ತಿ ವಾಲುತ್ತದೆ.

ನಿಕ್ರೋಮ್ 80 ಈ ವಿಷಯದಲ್ಲಿ ಬಂಗಾರ. ಬೆರಳು ಹೇಳಿದ ಕಡೆ ಬಗ್ಗುತ್ತದೆ, ಬಗ್ಗಿದಲ್ಲೇ ನಿಲ್ಲುತ್ತದೆ. 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ. ಇದಕ್ಕೆ ಅಮೆರಿಕದಲ್ಲಿ 1906ರಲ್ಲೇ ಪೇಟೆಂಟ್ ಸಿಕ್ಕಿತ್ತು. ಹಳೇ ಇಸ್ತ್ರಿ ಪೆಟ್ಟಿಗೆ, ಟೋಸ್ಟರ್ ಬಿಚ್ಚಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಕ್ಲ್ಯಾಪ್ಟನ್ ತರಹದ ಕಾಯಿಲ್ ಮಾಡುವಾಗ, ಅಂದರೆ 26 ಗೇಜ್ ತಂತಿ ಮೇಲೆ 36 ಗೇಜ್‌ನ ಕೂದಲಿನಂಥ ತಂತಿ ಹೊದಿಸುವಾಗ, ನಾನು ನಿಕ್ರೋಮ್ ಬಿಟ್ಟು ಬೇರೇನೂ ಹಿಡಿಯುವುದಿಲ್ಲ.

"ನಿಕ್ರೋಮ್ ಬೇಗ ಕಾಯುತ್ತದೆ" ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ. ಆಮೇಲೆ ಒಂದೇ ಅಳತೆಯ ಎರಡು ಕಾಯಿಲ್ ಇಟ್ಟು, ಎರಡಕ್ಕೂ ಚಿಪ್ ಇರುವ ಮಾಡ್‌ನಲ್ಲಿ 30 ವ್ಯಾಟ್ ಕೊಟ್ಟೆ. ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಕಾರಣ ಯೋಚಿಸಿದರೆ ಸರಳ. ವೋಲ್ಟ್ ಒಂದೇ ಇದ್ದಾಗ ಕಡಿಮೆ ಓಮ್‌ನ ಕಾಯಿಲ್ ಹೆಚ್ಚು ವ್ಯಾಟ್ ಎಳೆಯುತ್ತದೆ, ಅದಕ್ಕೇ ಬೇಗ ಕಾಯುತ್ತದೆ. ಮೆಕ್ಯಾನಿಕಲ್ ಮಾಡ್‌ನಲ್ಲಿ ಈ ಮಾತು ನಿಜ. ವ್ಯಾಟ್ ಅನ್ನೇ ಹಿಡಿದಿಡುವ ಮಾಡ್‌ನಲ್ಲಿ ಬಿಸಿ ಏರುವ ವೇಗ ಮುಖ್ಯವಾಗಿ ನಿಂತಿರುವುದು ಲೋಹದ ತೂಕದ ಮೇಲೆ. ತೆಳು ತಂತಿ, ಕಡಿಮೆ ಸುತ್ತು ಇದ್ದರೆ ಯಾವ ಲೋಹವಾದರೂ ಬೇಗ ಕಾಯುತ್ತದೆ. ಹಾಗಾಗಿ ವೇಗದ ಆಸೆಗೆ ನಿಕ್ರೋಮ್ ಕೊಳ್ಳಬೇಡಿ. ಕೈಗೆ ಹಿತ ಅಂತ ಕೊಳ್ಳಿ.

ಒಂದು ಎಚ್ಚರ ಬೇಕು. ನಿಕ್ರೋಮ್ ಕರಗುವುದು 1400 ಡಿಗ್ರಿಯ ಹತ್ತಿರ, ಕ್ಯಾಂಥಲ್ 1500ರಲ್ಲಿ. ಹತ್ತಿ ಇಲ್ಲದೆ ಜಾಸ್ತಿ ವ್ಯಾಟ್ ಕೊಟ್ಟು ಕೂತರೆ ತೆಳು ನಿಕ್ರೋಮ್ ಪಟ್ ಅಂತ ತುಂಡಾಗುತ್ತದೆ. ನನ್ನವು ಎರಡು ಹಾಗೆ ಹೋದವು. ಇನ್ನೊಂದು, ನಿಕ್ಕಲ್ ಆಗದವರು ಇದ್ದಾರೆ. ನನ್ನ ತಂಗಿಗೆ ಬೆಲ್ಟಿನ ಬಕಲ್ ತಾಗಿದರೂ ಚರ್ಮ ಕೆಂಪಾಗಿ ತುರಿಕೆ ಬರುತ್ತದೆ. ಅಂಥವರಿಗೆ ನಿಕ್ರೋಮ್ ಬೇಡ. ಸ್ಟೀಲ್‌ನಲ್ಲೂ 10 ಶೇಕಡಾದ ಮೇಲೆ ನಿಕ್ಕಲ್ ಇರುತ್ತದೆ. ಅವರಿಗೆ ಕ್ಯಾಂಥಲ್ ಸರಿ.

ಈಗ ನನ್ನ ಮೆಚ್ಚಿನ ತಂತಿ, ಎಸ್‌ಎಸ್ 316ಎಲ್. ಕಬ್ಬಿಣಕ್ಕೆ ಕ್ರೋಮಿಯಂ, ನಿಕ್ಕಲ್, 2ರಿಂದ 3 ಶೇಕಡಾ ಮಾಲಿಬ್ಡಿನಮ್ ಸೇರಿದ ಸ್ಟೀಲ್. ಹೆಸರಿನ ಕೊನೆಯ ಎಲ್ ಅಂದರೆ ಇಂಗಾಲ ಕಡಿಮೆ. ಇದು ವ್ಯಾಟ್ ಮೋಡ್‌ಗೂ ಬರುತ್ತದೆ, ಟೆಂಪರೇಚರ್ ಕಂಟ್ರೋಲ್‌ಗೂ ಬರುತ್ತದೆ. ಎರಡೂ ಕಡೆ ನಿಲ್ಲುವ ಗುಣಕ್ಕೇ ನಾನು ಇದಕ್ಕೆ ಸೋತಿದ್ದು.

ಟೆಂಪರೇಚರ್ ಕಂಟ್ರೋಲ್ ಅಂದರೆ ಕಾಯಿಲ್ ಒಳಗೆ ಥರ್ಮಾಮೀಟರ್ ಇಟ್ಟಿರುವುದಿಲ್ಲ. ತಂತಿ ಕಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ. ಎಷ್ಟು ಏರಿತು ಅಂತ ನೋಡಿ ಚಿಪ್ ಬಿಸಿಯನ್ನು ಲೆಕ್ಕ ಹಾಕುತ್ತದೆ. ಕ್ಯಾಂಥಲ್, ನಿಕ್ರೋಮ್‌ನಲ್ಲಿ ಈ ಏರಿಕೆ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅವು ಇದಕ್ಕೆ ಆಗುವುದಿಲ್ಲ. ಸ್ಟೀಲ್‌ಗೆ ಮಾಡ್‌ನಲ್ಲಿ 0.00092 ಅಂತ ಟಿಸಿಆರ್, ಅಂದರೆ ಒಂದು ಡಿಗ್ರಿಗೆ ರೆಸಿಸ್ಟೆನ್ಸ್ ಎಷ್ಟು ಪಾಲು ಏರುತ್ತದೆ ಅನ್ನುವ ಸಂಖ್ಯೆ, ಹಾಕುತ್ತೇವೆ. 20 ಡಿಗ್ರಿಯಲ್ಲಿ 0.42 ಓಮ್ ಇದ್ದ ಕಾಯಿಲ್ 220 ಡಿಗ್ರಿಗೆ ಬಂದಾಗ 0.50 ಆಗುತ್ತದೆ. ಅಷ್ಟೇ ಅಂತರ. ಆ 0.08 ಓಮ್ ಮೇಲೆ ಇಡೀ ಆಟ ನಿಂತಿದೆ. ಡೆಕ್‌ನ ಸ್ಕ್ರೂ ಸ್ವಲ್ಪ ಸಡಿಲ ಇದ್ದರೆ ಅಲ್ಲೇ 0.02 ಸೇರಿಕೊಳ್ಳುತ್ತದೆ, ಚಿಪ್ ಅದನ್ನು ಬಿಸಿ ಅಂದುಕೊಂಡು ಕರೆಂಟ್ ಕಡಿತ ಮಾಡುತ್ತದೆ. "ಸ್ಟೀಲ್ ಹಾಕಿದೆ, ಆವಿಯೇ ಬರಲ್ಲ" ಅಂತ ಬೇಸರ ಪಡುವವರು ಮೊದಲು ಸ್ಕ್ರೂ ಬಿಗಿ ಮಾಡಿ. ಕಾಯಿಲ್ ಪೂರ್ತಿ ತಣ್ಣಗಿದ್ದಾಗ ಮಾತ್ರ ರೆಸಿಸ್ಟೆನ್ಸ್ ಲಾಕ್ ಮಾಡಿ, ಅಂದರೆ ಆಗಿನ ಓಮ್ ಅನ್ನು ಮಾಡ್‌ನಲ್ಲಿ ಉಳಿಸಿಡಿ. ನನ್ನ ಅರ್ಧ ತೊಂದರೆ ಇವೆರಡರಿಂದಲೇ ಹೋಯಿತು.

ಸರಿಯಾಗಿ ಕೂತರೆ ಫಲ ದೊಡ್ಡದು. ಟ್ಯಾಂಕ್ ಖಾಲಿಯಾಗುತ್ತಾ ಬಂದು ಹತ್ತಿ ಒಣಗಿದಾಗ, ಗಂಟಲು ಸುಡುವ ಆ ಕೆಟ್ಟ ಹೊಗೆ ಬರುವುದಿಲ್ಲ. ಆವಿ ತಾನಾಗಿ ತೆಳ್ಳಗಾಗುತ್ತದೆ, ಅಷ್ಟೇ. ಒಣ ಹತ್ತಿಯ ಹೊಗೆ ಒಮ್ಮೆ ಎಳೆದವರಿಗೆ ಇದರ ಬೆಲೆ ಗೊತ್ತು.

ಈ ನೆಮ್ಮದಿಯನ್ನೇ ಒಂದು ಸ್ಪೂಲ್ ಕೆಡಿಸಿತ್ತು. 28 ಗೇಜ್ 316ಎಲ್ ಅಂತ ಚೀಟಿ ಅಂಟಿಸಿದ್ದನ್ನು ತಂದು ಸುತ್ತಿದೆ. ಹೊಸ ತಂತಿ ಅಂದರೆ ನಾನು ಒಣ ಹತ್ತಿ ಇಟ್ಟು 200 ಡಿಗ್ರಿಯಲ್ಲಿ ಒಂದೆರಡು ಸೆಕೆಂಡ್ ಒತ್ತಿ ನೋಡುತ್ತೇನೆ. ಹತ್ತಿ ಹೆಚ್ಚೆಂದರೆ ಕಂದು ಬಣ್ಣಕ್ಕೆ ತಿರುಗಬೇಕು. ಇದರಲ್ಲಿ ಹತ್ತಿ ಕಪ್ಪಾಗಿ ಅಂಚಿನಲ್ಲಿ ಕಿಡಿ ಕಂಡಿತು. ಎದೆ ಝಲ್ ಅಂದಿತು. ಬಾಯಿಗಿಟ್ಟು ಎಳೆದಿದ್ದರೆ?

ಒಂದು ಮೀಟರ್ ತಂತಿ ಕತ್ತರಿಸಿ ಮಲ್ಟಿಮೀಟರ್ ಇಟ್ಟೆ. ಮೊದಲು ಎರಡು ಪ್ರೋಬ್ ತಾಗಿಸಿ ಅವುಗಳ ಓಮ್ ಬರೆದುಕೊಂಡು ಕಳೆದೆ. 28 ಗೇಜ್ ಸ್ಟೀಲ್ ಆಗಿದ್ದರೆ 9 ಓಮ್ ಚಿಲ್ಲರೆ ಬರಬೇಕಿತ್ತು. ಬಂದದ್ದು 18ರ ಹತ್ತಿರ. ಅದು ಕ್ಯಾಂಥಲ್‌ನ ಲೆಕ್ಕ. ಹಳೇ ಸ್ಪೀಕರ್‌ನ ಅಯಸ್ಕಾಂತ ಹತ್ತಿರ ತಂದೆ, ತಂತಿ ಟಕ್ ಅಂತ ಅಂಟಿಕೊಂಡಿತು. ಅನುಮಾನವೇ ಉಳಿಯಲಿಲ್ಲ. ಕ್ಯಾಂಥಲ್ ಕಾದರೂ ಓಮ್ ಏರದ ಕಾರಣ ಚಿಪ್‌ಗೆ ಬಿಸಿ ತಿಳಿದಿರಲಿಲ್ಲ, ಹತ್ತಿ ಸುಟ್ಟಿದ್ದು ಅದಕ್ಕೇ. ಅಂಗಡಿಯವರು ಹಣ ವಾಪಸ್ ಕೊಟ್ಟರು, ಆದರೆ ಅದೇ ಚೀಟಿಯ ಉಳಿದ ಸ್ಪೂಲ್‌ಗಳನ್ನು ಮಾರಾಟದಿಂದ ತೆಗೆಯಲಿಲ್ಲ. ಅದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಅವತ್ತಿನಿಂದ ಅಯಸ್ಕಾಂತ ನನ್ನ ಮೇಜಿನ ಮೇಲೇ ಇರುತ್ತದೆ. ಕ್ಯಾಂಥಲ್ ಅಂಟುತ್ತದೆ. ಶುದ್ಧ ನಿಕ್ಕಲ್ ಕೂಡ ಅಂಟುತ್ತದೆ. ನಿಕ್ರೋಮ್ 80, ಟೈಟೇನಿಯಂ ಅಂಟುವುದಿಲ್ಲ. 316ಎಲ್ ಕೂಡ ಅಂಟಬಾರದು, ಎಳೆದು ತೆಳ್ಳಗೆ ಮಾಡಿದ ತಂತಿಯಲ್ಲಿ ಒಮ್ಮೊಮ್ಮೆ ಸ್ವಲ್ಪ ಸೆಳೆತ ಇರಬಹುದು. ಅಯಸ್ಕಾಂತ ಮತ್ತು ಒಂದು ಮೀಟರ್‌ನ ಓಮ್, ಎರಡೂ ಸೇರಿದರೆ ಚೀಟಿ ಬಿದ್ದುಹೋದ ಸ್ಪೂಲ್ ಯಾವುದೆಂದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಓಮ್ ನೋಡುವಾಗ ಗೇಜ್ ಯಾವ ಪದ್ಧತಿಯದು ಅಂತ ಗೊತ್ತಿರಲಿ. ರಿವೈಂಡಿಂಗ್‌ನಲ್ಲಿ ನಾವು ಎಸ್‌ಡಬ್ಲ್ಯೂಜಿ ಬಳಸುತ್ತೇವೆ. ಅಲ್ಲಿ 26 ಅಂದರೆ 0.457 ಮಿಲಿಮೀಟರ್. ವೇಪ್ ತಂತಿಗೆ ಎಡಬ್ಲ್ಯೂಜಿ ಲೆಕ್ಕ, ಇಲ್ಲಿ 26 ಅಂದರೆ 0.405. ಮೊದಲ ತಿಂಗಳು ಹಳೇ ಅಭ್ಯಾಸದಿಂದ ನನ್ನ ಲೆಕ್ಕವೆಲ್ಲ ತಪ್ಪಿತ್ತು. ಮೈಕ್ರೋಮೀಟರ್ ಇದ್ದರೆ ಅಳೆದೇ ಬಿಡಿ.

ಶುದ್ಧ ನಿಕ್ಕಲ್, ಅಂದರೆ ಎನ್‌ಐ 200, ಟೆಂಪರೇಚರ್ ಕಂಟ್ರೋಲ್‌ಗೆ ಮೊದಲು ಬಂದ ತಂತಿ. 2014ರಲ್ಲಿ ಡಿಎನ್‌ಎ 40 ಚಿಪ್ ಬಂದಾಗ ಎಲ್ಲರೂ ಇದನ್ನೇ ಸುತ್ತಿದ್ದು. ಬಿಸಿಗೆ ಓಮ್ ಎರಡು ಪಟ್ಟು ದಾಟುವುದರಿಂದ ಚಿಪ್‌ಗೆ ಓದಲು ಬಲು ಸುಲಭ. ಆದರೆ 28 ಗೇಜ್‌ನಲ್ಲಿ 10 ಸುತ್ತು ಹಾಕಿದರೂ 0.12 ಓಮ್ ಆಸುಪಾಸು ಅಷ್ಟೇ. ಮೆತ್ತಗೆ ಬೇರೆ, ಹತ್ತಿ ತೂರಿಸುವಾಗಲೇ ಆಕಾರ ಕೆಡುತ್ತದೆ. ಸುತ್ತುಗಳ ನಡುವೆ ಸಂದು ಬಿಟ್ಟೇ ಸುತ್ತಬೇಕು. ಇದನ್ನು ವ್ಯಾಟ್ ಮೋಡ್‌ನಲ್ಲಿ ಓಡಿಸಲೇಬಾರದು, ಕೆಂಪಗೆ ಕಾಯಿಸಲೂ ಬಾರದು. ಸ್ಟೀಲ್ ಇರುವಾಗ ಇದರ ಗೋಜು ಯಾಕೆ? ಅರ್ಧ ಸ್ಪೂಲ್ ಹಾಗೇ ಉಳಿದಿದೆ.

ಟೈಟೇನಿಯಂ ರುಚಿ ನನಗೆ ಎಲ್ಲಕ್ಕಿಂತ ಶುಭ್ರ ಅನಿಸಿತು, ನಿಜ ಹೇಳಬೇಕು. ಆದರೂ ಬಿಟ್ಟೆ. ಕೆಂಪಗೆ ಕಾಯಿಸಿದರೆ ಮೇಲೆ ಬಿಳಿ ಪುಡಿಯಂಥ ಟೈಟೇನಿಯಂ ಡೈಆಕ್ಸೈಡ್ ಕಟ್ಟುತ್ತದೆ. ಅದು ಶ್ವಾಸಕ್ಕೆ ಹೋಗುವ ದಾರಿಯಲ್ಲಿ ಇರಬೇಕಾದ ವಸ್ತು ಅಲ್ಲ. ಕಾಯಿಸದೆ ಬಳಸುವಷ್ಟು ತಾಳ್ಮೆ ದಿನಾ ಇರುತ್ತದೆ ಅಂತ ನಾನು ಮಾತು ಕೊಡಲಾರೆ.

ಕಾಯಿಸುವ ವಿಷಯಕ್ಕೆ ಬಂದರೆ, ಕ್ಯಾಂಥಲ್, ನಿಕ್ರೋಮ್, ಸ್ಟೀಲ್ ಮೂರನ್ನೂ ನಾನು ಈಗ ಮಂದ ಕೆಂಪಿನ ಮೇಲೆ ಹೋಗಲು ಬಿಡುವುದಿಲ್ಲ. ವೇಪ್ ಆವಿಯಲ್ಲಿ ಕ್ರೋಮಿಯಂ, ನಿಕ್ಕಲ್ ಸಿಕ್ಕಿದ್ದನ್ನು ಪರೀಕ್ಷೆಗಳು ತೋರಿಸಿವೆ. ಹೊಸ ಕಾಯಿಲ್ ಸರಿ ಮಾಡುವಾಗ ಮಾತ್ರ ಕಾಯಿಸುತ್ತೇನೆ, ತಣಿದ ಮೇಲೆ ನೀರಲ್ಲಿ ತೊಳೆಯುತ್ತೇನೆ. ಕರಕಲು ಕಟ್ಟಿದ ಹಳೇ ಕಾಯಿಲ್ ಅನ್ನು ಸುಟ್ಟು ಸುಟ್ಟು ಮತ್ತೆ ಬಳಸುವ ಬದಲು ಬಿಸಾಕಿ ಹೊಸದು ಸುತ್ತುತ್ತೇನೆ. ಒಂದು ಗೇಣು ತಂತಿಯೂ ಬೇಕಾಗುವುದಿಲ್ಲ, ಅದರಲ್ಲಿ ಉಳಿತಾಯ ಏನಿದೆ?

ಹೊಸಬರು ಕೇಳಿದರೆ 26 ಗೇಜ್ ಕ್ಯಾಂಥಲ್ ಕೊಡುತ್ತೇನೆ, ಒಂದು ತಿಂಗಳು ಅದರಲ್ಲೇ ಕೈ ಪಳಗಲಿ. ನಂತರ ಟೆಂಪರೇಚರ್ ಕಂಟ್ರೋಲ್ ಇರುವ ಮಾಡ್ ಇದ್ದರೆ ಸೀದಾ 316ಎಲ್‌ಗೆ ಹೋಗಿ. ನನ್ನ ಟ್ಯಾಂಕ್‌ನಲ್ಲಿ ಈಗ ಇರುವುದು 28 ಗೇಜ್ 316ಎಲ್, 2.5 ಮಿಲಿಮೀಟರ್ ಒಳವ್ಯಾಸ, 7 ಸುತ್ತು, 0.67 ಓಮ್. ಮಾಡ್ 215 ಡಿಗ್ರಿಯಲ್ಲಿದೆ. ಹತ್ತಿ ಮೂರು ಸಲ ಬದಲಾಗಿದೆ, ಕಾಯಿಲ್ ಅದೇ.