ಪೆರ್ಲ ಕಡೆಯ ಕುಲುಮೆಯಲ್ಲಿ ಮಾಡಿಸಿದ ಚಾಕು, ಹಿಡಿ ಕೋಣದ ಕೊಂಬಿನದ್ದು

ಬೇಟೆ ಚಾಕು ಅಂತ ಆನ್‌ಲೈನಿನಲ್ಲಿ ಬರುವುದೆಲ್ಲ ನೋಡಲಿಕ್ಕೆ ಚಂದ. ಒಂದು ಒಣ ತೆಂಗಿನಮಡಲು ಕೊಚ್ಚಿದರೆ ಬಾಯಿ, ಅಂದರೆ ಹರಿತದ ಅಂಚು, ಹೋಯಿತು. ನನಗೆ ಆ ಆಕಾರ ಇಷ್ಟ, ಕೆಲಸ ಮಾತ್ರ ತೋಟದ್ದು. ಹಾಗಾಗಿ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಅಡ್ಕಸ್ಥಳಕ್ಕೆ ಹೋಗುವ ದಾರಿಯ ಆಚಾರಿಯವರ ಕುಲುಮೆಯಲ್ಲಿ ಮಾಡಿಸಿದೆ. ಐದಿಂಚಿನ ಅಲಗು, ಲಾರಿಯ ಹಳೆ ಸ್ಪ್ರಿಂಗ್ ಪ್ಲೇಟಿನದ್ದು.

ಚಾಕು ನೋಡಿದವರೆಲ್ಲ ಕೇಳುವುದು ಒಂದೇ: ಹಿಡಿಗೆ ಕಡವೆ ಕೊಂಬು ಹಾಕಿಸಬಹುದಿತ್ತಲ್ವಾ? ಅದರ ತರಿತರಿ ಮೈ ಒದ್ದೆ ಕೈಯಲ್ಲೂ ಜಾರುವುದಿಲ್ಲ, ನಿಜ. ಆದರೆ 1972ರ ವನ್ಯಜೀವಿ ಕಾಯ್ದೆ ಇದೆ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬು ಹೆಕ್ಕಿ ತಂದರೂ ಕೇಸೇ. ಆಚಾರಿಯವರೂ ಅಷ್ಟೇ, “ಅಂಥದ್ದೆಲ್ಲ ಇಲ್ಲಿಗೆ ತರಬೇಡಿ ಮಾರಾಯ್ರೆ, ಕೋಣದ್ದು ಉಂಟು” ಅಂದರು. ಕೋಣದ ಕೊಂಬಿನ ಬುಡ ಪೊಳ್ಳು, ತುದಿ ಗಟ್ಟಿ. ಆ ತುದಿಗೇ ತೂತು ಕೊರೆದು, ಅಲಗಿನ ಬಾಲವನ್ನು ಅರಗು ಹಾಕಿ ಕೂರಿಸಿದ್ದಾರೆ.

ಹದ ಹಾಕುವುದನ್ನು, ಅಂದರೆ ಅಲಗನ್ನು ಕಾಯಿಸಿ ಅದ್ದಿ ಗಟ್ಟಿ ಮಾಡುವುದನ್ನು, ನಿಂತು ನೋಡಬೇಕು. ಕುಲುಮೆಯ ಒಳಗೆ ಕತ್ತಲೆ, ಬೆಂಕಿಯ ಬಣ್ಣ ಸರಿಯಾಗಿ ಕಾಣಲೆಂದೇ ಕಿಟಕಿಗೆ ಗೋಣಿ ಇಳಿಬಿಟ್ಟಿದ್ದಾರೆ. ಕೆಂಪಗೆ ಕಾದ ಅಲಗಿನ ಬಾಯಿ ಮಾತ್ರ ಎಣ್ಣೆಗೆ ಅದ್ದಿ ತೆಗೆದರು. ಬೆನ್ನು ಇನ್ನೂ ಬಿಸಿ. ಒಂದು ಕಡೆ ಅರದಿಂದ ಉಜ್ಜಿ ಬೆಳ್ಳಗೆ ಮಾಡಿ, ಅಲ್ಲೇ ಕಣ್ಣಿಟ್ಟು ಕೂತರು. ಬೆನ್ನಿನ ಬಿಸಿ ಬಾಯಿಯ ಕಡೆಗೆ ಹರಿಯುತ್ತಾ ಬಂದ ಹಾಗೆ ಬಣ್ಣವೂ ಅದರ ಜೊತೆ ಹರಿಯಿತು, ಮುಂದೆ ಹುಲ್ಲಿನ ಹಳದಿ, ಅದರ ಹಿಂದೆ ನೇರಳೆ, ನೀಲಿ. ಹಳದಿ ಬಾಯಿ ಮುಟ್ಟಿದ್ದೇ ತಡ, ಪೂರ್ತಿ ಮುಳುಗಿಸಿಬಿಟ್ಟರು. ಬೆನ್ನು ಮೆತ್ತಗಿದ್ದರೆ ಪೆಟ್ಟು ತಡೆಯುತ್ತದೆ, ಬಾಯಿ ಗಟ್ಟಿಯಿದ್ದರೆ ಹರಿತ ನಿಲ್ಲುತ್ತದೆ. ಮಳೆಗಾಲ ಪೂರ್ತಿ ಬಾಳೆಗೊನೆ, ಹಲಸು, ಮಡಲು ಎಲ್ಲ ಕೊಯ್ದಾಯಿತು. ಸಾಣೆಗೆ ಕೊಟ್ಟಿಲ್ಲ, ಮನೆಯ ಮಸೆಗಲ್ಲೇ ಸಾಕು.

ಬಾಳೆಯ ಸೊನೆಗೆ ಅಲಗು ಕಪ್ಪಾಗಿದೆ. ಸ್ಟೇನ್‌ಲೆಸ್ ಸ್ಟೀಲಿನದ್ದಲ್ಲ, ಹಾಗೇ ಬಿಟ್ಟರೆ ತುಕ್ಕು ಗ್ಯಾರಂಟಿ. ಒರೆಸಿ ತೆಂಗಿನೆಣ್ಣೆ ಸವರಿಡಿ. ಹಿಡಿಗೂ ಸ್ವಲ್ಪ ಹಚ್ಚಿ, ಕೊಂಬಿಗೆ ಹುಳ ಬೀಳುವುದುಂಟು. ಕುದಿಯುವ ನೀರಿಗಂತೂ ಹಾಕಲೇಬೇಡಿ, ಅರಗು ಕರಗಿ ಹಿಡಿ ಕಳಚುತ್ತದೆ.

ತಕರಾರು ಇಲ್ಲವೆಂದಲ್ಲ. ಹಿಡಿಯ ನುಣುಪು ಜಾಸ್ತಿಯಾಯಿತು, ಬೆವರಿದ ಕೈಗೆ ಜಾರುತ್ತದೆ. ನಾಲ್ಕು ಗೀರು ಹಾಕಿಕೊಡಿ ಅಂತ ಮೊದಲೇ ಹೇಳಿ. ಹೇಳಿದ ದಿನಕ್ಕೆ ಸಿಗುತ್ತದೆಂದೂ ನಂಬಬೇಡಿ, ಅಡಿಕೆ ಕೊಯ್ಲಿನ ಸಮಯದಲ್ಲಿ ಅವರಿಗೆ ಕತ್ತಿಗಳದ್ದೇ ರಾಶಿ. ಒರೆ ಮಾಡಿಕೊಡುವುದಿಲ್ಲ. ನನ್ನದನ್ನು ಚಪ್ಪಲಿ ಹೊಲಿಯುವವರ ಹತ್ತಿರ ಹೊಲಿಸಿದೆ.