ಸಾಣಾಪುರದ ಸಂಜೆಗೆ ಯಾವುದು ಸರಿ: ಸೈಕಲ್ಲೋ, ಎಕ್ಸೆಲ್ಲೋ, ಹೇಮಕೂಟವೋ?

ಹಂಪಿಯ ಎದುರು, ತುಂಗಭದ್ರೆಯ ಉತ್ತರ ದಡದಲ್ಲಿ, ಅಂದರೆ ಸಾಣಾಪುರ–ಆನೆಗೊಂದಿ ಕಡೆ ಟೆಂಟಿನಲ್ಲಿ ಉಳಿದವರಿಗೆ ಸಂಜೆ ಐದರ ಹೊತ್ತಿಗೆ ಒಂದು ತಳಮಳ ಶುರುವಾಗುತ್ತದೆ. ಬಿಸಿಲು ಇಳಿದಿದೆ, ಚಹಾ ಮುಗಿದಿದೆ, ಏನೂ ಗೊತ್ತುಮಾಡಿಕೊಂಡಿಲ್ಲ. ಹಂಪಿಗೆ ಬಂದು ಸೂರ್ಯ ಮುಳುಗುವುದನ್ನು ನೋಡದೆ ಇರುವುದಾದರೂ ಹೇಗೆ? 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ವಿರೂಪಾಪುರ ಗಡ್ಡೆ ಎಂಬ ನಡುಗಡ್ಡೆಯ ರೆಸಾರ್ಟುಗಳು ತೆರವಾದ ಮೇಲೆ ಈ ಕಡೆಯ ಹಳ್ಳಿಗಳಲ್ಲಿ ಉಳಿಯುವವರು ಹೆಚ್ಚಿದ್ದಾರೆ. ಬೇರೆ ಬೇರೆ ಸಲ ಬಂದಾಗ ಮೂರು ದಾರಿಗಳನ್ನೂ ಹಿಡಿದು ನೋಡಿದ್ದೇನೆ.

ಎಲ್ಲರೂ ಮೊದಲು ಹೇಳುವುದು ಹೇಮಕೂಟ ಗುಡ್ಡ. ತಪ್ಪೇನಿಲ್ಲ. ವಿರೂಪಾಕ್ಷ ಗುಡಿಯ ಪಕ್ಕದಲ್ಲೇ ಹಾಸುಬಂಡೆ, ಹತ್ತುವ ಕಷ್ಟವಿಲ್ಲ, ವಯಸ್ಸಾದವರೂ ಬರಬಹುದು. ವಿಜಯನಗರಕ್ಕಿಂತ ಹಳೆಯವೂ ಸೇರಿದಂತೆ ಮೆಟ್ಟಿಲು ಮೆಟ್ಟಿಲಾದ ಶಿಖರಗಳ ಪುಟ್ಟ ಗುಡಿಗಳು ಅಲ್ಲಿವೆ. ಇಳಿಬಿಸಿಲು ಅವುಗಳ ಮೇಲೆ ಬಿದ್ದಾಗ ಸೂರ್ಯನ ಕಡೆ ಬೆನ್ನು ಹಾಕಿ ಕೂತರೂ ನಷ್ಟವಿಲ್ಲ. ಆದರೆ ನಮ್ಮ ಟೆಂಟು ನದಿಯ ಈಚೆಗಿತ್ತು, ತೊಡಕು ಇದ್ದದ್ದು ಅಲ್ಲೇ. ದೋಣಿಯಲ್ಲಿ ಆಚೆ ಹೋಗುವುದು ಸುಲಭ, ಕತ್ತಲಾದ ಮೇಲೆ ವಾಪಸ್ ತರುವ ದೋಣಿ ಇರುವುದಿಲ್ಲ. ಸೂರ್ಯ ಪೂರ್ತಿ ಮುಳುಗುವವರೆಗೆ ಕೂರಬೇಕೆಂದರೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಸುತ್ತಿ ಬರಬೇಕು, ಅದಕ್ಕೆ ಗಾಡಿ ಬೇಕು. ಕೂತಷ್ಟು ಹೊತ್ತೂ ಮನಸ್ಸೆಲ್ಲ ಗಡಿಯಾರದ ಮೇಲೆ. ಹಂಪಿಯಲ್ಲೇ ಉಳಿದವರು ಕಣ್ಣುಮುಚ್ಚಿ ಹೇಮಕೂಟಕ್ಕೆ ಹೋಗಲಿ. ಈಚೆ ದಡದವರಿಗೆ ಅದು ಬೆಳಗ್ಗೆಯೇ ಗೊತ್ತುಮಾಡಿಕೊಳ್ಳಬೇಕಾದ ಕೆಲಸ. ಮಾತಂಗ ಪರ್ವತವನ್ನು ಪಟ್ಟಿಗೇ ಸೇರಿಸುತ್ತಿಲ್ಲ. ಆ ಕಡಿದಾದ ಹಾದಿಯನ್ನು ಕತ್ತಲಲ್ಲಿ ಇಳಿಯುವುದು ಬೇಡ, ಅದು ಸೂರ್ಯೋದಯಕ್ಕೇ ಇರಲಿ.

ಎರಡನೆಯದು ಬಾಡಿಗೆ ಟಿವಿಎಸ್ ಎಕ್ಸೆಲ್ ಮೊಪೆಡ್ ಏರಿ ಅಂಜನಾದ್ರಿ ಬೆಟ್ಟಕ್ಕೆ ಹೋಗುವುದು. ಬರೀ ನೋಟಕ್ಕೆ ಅಂಕ ಕೊಡುವುದಾದರೆ ಇದಕ್ಕೇ ಮೊದಲ ಸ್ಥಾನ. ಕೆಳಗೆ ಗದ್ದೆಗಳ ಹಸಿರು, ನಡುವೆ ಹೊಳೆ, ಅದರಾಚೆ ಬಂಡೆಗುಡ್ಡಗಳ ಸಾಲು, ದೂರದಲ್ಲಿ ವಿರೂಪಾಕ್ಷನ ಗೋಪುರ. ಚಳಿಗಾಲದಲ್ಲಿ ಸೂರ್ಯ ನೇರ ಪಶ್ಚಿಮಕ್ಕಲ್ಲ, ನೈಋತ್ಯಕ್ಕೆ ಸರಿದು ಮುಳುಗುವುದರಿಂದ ಈ ಹೊಳೆಬಯಲೆಲ್ಲ ಕೆಂಪಾಗುವುದು ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಆದರೆ 575 ಮೆಟ್ಟಿಲು. ಐದೂಕಾಲಿಗೆ ಟೆಂಟು ಬಿಟ್ಟವನು ಏದುಸಿರು ಬಿಡುತ್ತಾ ಮೇಲೆ ಮುಟ್ಟುವಷ್ಟರಲ್ಲಿ ಅರ್ಧ ಸೂರ್ಯ ಹೋಗಿರುತ್ತಾನೆ. ಕೈಯಲ್ಲಿ ತಿಂಡಿ ಕಂಡರೆ ಮಂಗಗಳು ಬಿಡುವುದಿಲ್ಲ. ಶನಿವಾರವಂತೂ ಹನುಮನ ಭಕ್ತರ ನೂಕುನುಗ್ಗಲು. ಅವರದು ದರ್ಶನ, ನಮ್ಮದು ಫೋಟೊ, ದಾರಿ ಬಿಡಬೇಕಾದವರು ನಾವೇ. ಎಕ್ಸೆಲ್ ಬಗ್ಗೆ ದೂರಿಲ್ಲ. ಏರಿನಲ್ಲಿ ಗೊಣಗಿದರೂ ಕೈಕೊಡುವುದಿಲ್ಲ. ಒಂದೇ ಕೊರತೆಯೆಂದರೆ ಅದರ ಸದ್ದಿನಲ್ಲಿ ದಾರಿಯ ಸದ್ದೊಂದೂ ಕೇಳದು.

ಇನ್ನು ಸೈಕಲ್. ಇದು ನಮ್ಮ ಆಯ್ಕೆಯೇ ಆಗಿರಲಿಲ್ಲ. ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದಾತ ನಾವು ಅತ್ತಿತ್ತ ಸುಳಿದಾಡುವುದನ್ನು ಕಂಡು, "ಅಣ್ಣಾರ, ಗುಡ್ಡ ಹತ್ತಾಕ ಹೊತ್ತಾತು. ಸೈಕಲ್ ತಗೊಂಡು ಕೆರಿ ಕಡೆ ಹೋಗ್ರಿ" ಎಂದ. ಗೋಡೆಗೆ ಒರಗಿಸಿದ್ದ ಗೇರಿಲ್ಲದ ಹಳೇ ಸೈಕಲ್ಲುಗಳು. ಹೆಂಡತಿ ಒಂದರ ಸೀಟು ಇಳಿಸಿಕೊಂಡಳು, ನಾನು ಇನ್ನೊಂದಕ್ಕೆ ಗಾಳಿ ಹೊಡೆದೆ, ಹೊರಟೆವು.

ಸಾಣಾಪುರದ ಕೆರೆ ಎನ್ನುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಜಾಗ. ಸುತ್ತ ಬಂಡೆಗುಡ್ಡ, ಪಕ್ಕದಲ್ಲೇ ರಸ್ತೆ. ಈ ಕಾಲುವೆಯಿಂದಾಗಿಯೇ ಗಂಗಾವತಿ ಕಡೆಯನ್ನು ಭತ್ತದ ಕಣಜ ಎನ್ನುವುದು. ಸೈಕಲ್ ಗೆಲ್ಲುವುದು ಈ ಗದ್ದೆಗಳ ನಡುವೆ. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಜನವರಿಯಲ್ಲಿ ಬಂದರೆ ನಾಟಿಗೆ ಮುಂಚೆ ಗದ್ದೆಗಳಲ್ಲಿ ನೀರು ತುಂಬಿರುತ್ತದೆ. ಒಂದೊಂದು ಮಡಿಯೂ ಒಂದೊಂದು ಕನ್ನಡಿ. ಸೂರ್ಯನನ್ನು ಹುಡುಕಿಕೊಂಡು ಗುಡ್ಡ ಹತ್ತುವುದೇ ಬೇಕಿಲ್ಲ, ಪೆಡಲ್ ತುಳಿದ ಹಾಗೆಲ್ಲ ಅವನು ಬದುವಿನಿಂದ ಬದುವಿಗೆ ಹಾರಿ ಜೊತೆಗೇ ಬರುತ್ತಾನೆ. ಬೇಕೆಂದಲ್ಲಿ ಕಾಲೂರಿ ನಿಲ್ಲಬಹುದು. ಬೆಳ್ಳಕ್ಕಿ ಹಿಂಡು ಎದ್ದರೆ ರೆಕ್ಕೆಯ ಸದ್ದೂ ಕೇಳುತ್ತದೆ. ಎಕ್ಸೆಲ್ಲಿನಲ್ಲಿ ಇದೇ ದಾರಿಯಲ್ಲಿ ಹೋಗಿದ್ದೆ, ಇದೊಂದೂ ಕಂಡಿರಲಿಲ್ಲ.

ಕೆರೆಯ ಸೂರ್ಯಾಸ್ತಕ್ಕೂ ಒಂದು ಕೊರತೆಯಿದೆ. ಸೂರ್ಯ ದಿಗಂತದಲ್ಲಿ ಮುಳುಗುವುದಿಲ್ಲ, ಗುಡ್ಡದ ಹಿಂದೆ ಸರಿಯುತ್ತಾನೆ, ಅದೂ ಪಂಚಾಂಗ ಹೇಳುವ ಹೊತ್ತಿಗಿಂತ ಬೇಗ. ದುಂಡನೆಯ ಕೆಂಪು ಚೆಂಡಿನ ಫೋಟೊ ಬೇಕಾದವರಿಗೆ ನಿರಾಸೆಯೇ. ನನಗೆ ಅದಾದ ಮೇಲಿನ ಇಪ್ಪತ್ತು ನಿಮಿಷವೇ ಇಷ್ಟ. ನೀರು ಕಿತ್ತಳೆಯಿಂದ ನೇರಳೆಗೆ ತಿರುಗುತ್ತದೆ. ಹಗಲೆಲ್ಲ ಕಾದ ಬಂಡೆ ಕೂತವರ ಬೆನ್ನಿಗೆ ಇನ್ನೂ ಬಿಸಿ ಕೊಡುತ್ತಿರುತ್ತದೆ. ಹರಿಗೋಲಿನವರು ದಡಕ್ಕೆ ಬಂದು ಹರಿಗೋಲನ್ನು ಬೋರಲು ಹಾಕುತ್ತಾರೆ. ನೀರಿಗಿಳಿಯುವ ಆಸೆ ಬೇಡ, ಅಲ್ಲಿ ಈಜುವಂತಿಲ್ಲ.

ಖರ್ಚಿನ ಲೆಕ್ಕದಲ್ಲೂ ಸೈಕಲ್ಲೇ ಅಗ್ಗ. ಆದರೆ ಒಂದೆರಡು ಎಚ್ಚರ ಬೇಕು. ಈ ಸೈಕಲ್ಲುಗಳಿಗೆ ದೀಪ ಇರುವುದಿಲ್ಲ, ತಲೆಗೆ ಕಟ್ಟುವ ಟಾರ್ಚ್ ಇರಲಿ. ಕೊಯ್ಲಿನ ಕಾಲಕ್ಕೆ ರಸ್ತೆಯ ಅರ್ಧಕ್ಕೆ ಭತ್ತ ಹರವಿರುತ್ತಾರೆ, ಅದರ ಮೇಲೆ ಚಕ್ರ ಜಾರುತ್ತದೆ, ರೈತರಿಂದ ಬೈಗುಳವೂ ಸಿಗುತ್ತದೆ. ಬಂಡೆಗುಡ್ಡಗಳಲ್ಲಿ ಚಿರತೆಗಳಿವೆ, ಹಾಗಾಗಿ ಪೂರ್ತಿ ಕತ್ತಲಾಗುವ ಮುಂಚೆ ಊರ ದಾರಿ ಹಿಡಿಯುವುದು ಕ್ಷೇಮ. ಡಿಸೆಂಬರ್ ಮೊದಲ ವಾರದಲ್ಲಿ ಸೂರ್ಯ 6ಕ್ಕೆ ಮುಂಚೆಯೇ ಮುಳುಗುತ್ತಾನೆ, ಜನವರಿ ಕೊನೆಗೆ 6.15ರ ಆಸುಪಾಸು. ಅದರಿಂದ ಮುಕ್ಕಾಲು ಗಂಟೆ ಹಿಂದಕ್ಕೆ ಎಣಿಸಿ ಹೊರಟರೆ ಸಾಕು. ಬರುವಾಗ ಊರ ಗೂಡಂಗಡಿಯಲ್ಲಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ಬಿಸಿ ಇದ್ದರೆ ಕ್ಯಾಂಪಿನ ಊಟವನ್ನು ಒಂದು ಗಂಟೆ ತಡಮಾಡಿ ಅಂತ ಫೋನ್ ಮಾಡಿ.