ಬದಿಯಡ್ಕದಲ್ಲೊಂದು ರಾಜ್ಯಶಾಸ್ತ್ರದ ಟ್ಯೂಷನ್: ಒಂದು ವರ್ಷದ ಅನುಭವ

ಪ್ಲಸ್ ಟು ಹ್ಯುಮಾನಿಟೀಸ್ ಓದುತ್ತಿದ್ದ ನನ್ನ ಮಗಳು ಕಳೆದ ವರ್ಷವಿಡೀ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಶನಿವಾರದ ಟ್ಯೂಷನ್ ತರಗತಿಗೆ ಹೋಗಿದ್ದಳು. ತಿಂಗಳ ಶುಲ್ಕ 500 ರೂಪಾಯಿ. ರಾಜ್ಯಶಾಸ್ತ್ರವನ್ನು ಪೂರ್ತಿ ಕನ್ನಡದಲ್ಲಿ ಕಲಿಸುತ್ತಾರೆಂಬ ಒಂದೇ ಕಾರಣಕ್ಕೆ ಸೇರಿಸಿದ್ದೆವು.

ಭದ್ರತಾ ಮಂಡಳಿಯ ಪಾಠದ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅಧ್ಯಾಪಕರು 15 ಮಕ್ಕಳನ್ನು ಸುತ್ತ ಕೂರಿಸಿ, ಐವರಿಗೆ ಕೆಂಪು ಚೀಟಿ ಕೊಟ್ಟು, ನಿರ್ಣಯವೊಂದನ್ನು ಮತಕ್ಕೆ ಹಾಕಿದರು. 14 ಕೈಗಳು ಮೇಲೆದ್ದವು. ಒಬ್ಬ ಹುಡುಗ ಕೆಂಪು ಚೀಟಿ ಎತ್ತಿದ್ದೇ ನಿರ್ಣಯ ಬಿದ್ದುಹೋಯಿತು. "ಇದು ಯಾವ ನ್ಯಾಯ ಸರ್?" ಎಂದು ಮಗಳು ಕೇಳಿದಳು. 1945ರ ವಿಶ್ವಸಂಸ್ಥೆಯ ಸನ್ನದು ಸದಸ್ಯ ರಾಷ್ಟ್ರಗಳೆಲ್ಲ ಸಮಾನ ಸಾರ್ವಭೌಮರೆಂದು ಸಾರಿದರೂ ಒಬ್ಬರೇ ನಿರ್ಣಯವನ್ನು ತಡೆಯಬಲ್ಲ ವೀಟೋ ಅಧಿಕಾರ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್‌ಗಳ ಕೈಯಲ್ಲೇ ಇರುವುದನ್ನೂ, ಎಂಟು ಬಾರಿ ಮಂಡಳಿಗೆ ಚುನಾಯಿತವಾದ ಭಾರತಕ್ಕೂ ಅದು ದಕ್ಕದಿರುವುದನ್ನೂ ಅವರು ನಿಧಾನವಾಗಿ ಬಿಡಿಸಿ ಹೇಳಿದರು.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಸಾಮಾಜಿಕ ಅಸಮಾನತೆಯ ಪಾಠ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿ ಒಕ್ಕಲುಗಳು ಭೂಮಿಯ ಒಡೆತನ ಪಡೆಯುವಂತಾದಾಗ, ಪರರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡು ಕೂಲಿ ಮಾಡುತ್ತಿದ್ದ ಕುಡಿಕಿಡಪ್ಪುಕಾರರಿಗೆ ಪಂಚಾಯತ್ ಪ್ರದೇಶಗಳಲ್ಲಿ ದೊರೆತದ್ದು 10 ಸೆಂಟ್ಸ್ ಜಾಗ ಕೊಳ್ಳುವ ಹಕ್ಕು. ನಿಮ್ಮ ಮನೆಯ ಜಾಗ ಹೇಗೆ ಬಂತೆಂದು ಹಿರಿಯರಲ್ಲಿ ಕೇಳಿ ಬನ್ನಿ ಎಂದು ಅಧ್ಯಾಪಕರು ಹೇಳಿ ಕಳುಹಿಸಿದ್ದರು. ಮಗಳು ಅಜ್ಜನ ಕಬ್ಬಿಣದ ಪೆಟ್ಟಿಗೆ ತೆರೆಸಿ, ಮಡಿಕೆಗಳಲ್ಲಿ ಹರಿದಿದ್ದ ಹಳೆಯ ಕಾಗದಗಳನ್ನು ಜಗಲಿಯಲ್ಲಿ ಹರಡಿಕೊಂಡು ಓದಿದಳು. ನಾವು ಒಕ್ಕಲುತನದಿಂದ ಒಡೆಯರಾದವರೆಂಬುದೂ, ನಮ್ಮಲ್ಲಿ ಅಡಿಕೆ ಸುಲಿಯಲು ಬರುವ ಅಕ್ಕನ ಕುಟುಂಬ ಇಂದಿಗೂ ಆ 10 ಸೆಂಟ್ಸ್‌ನಲ್ಲೇ ಇದೆಯೆಂಬುದೂ ಅವಳಿಗೆ ಅಂದು ತಿಳಿಯಿತು.

ಕೊರತೆಯಿರುವುದು ಅಚ್ಚು ಹಾಕಿಸಿ ಕೊಡುವ ನೋಟ್ಸಿನಲ್ಲಿ. ಸಂವಿಧಾನಕ್ಕೆ ಭರಣಘಟನೆ, ಭದ್ರತಾ ಮಂಡಳಿಗೆ ರಕ್ಷಾಸಮಿತಿ ಎಂದು ಮಲಯಾಳದ ಪದಗಳನ್ನೇ ಕನ್ನಡ ಲಿಪಿಯಲ್ಲಿ ಇಳಿಸಿದ್ದಾರೆ. ಕನ್ನಡದಲ್ಲಿ ಉತ್ತರ ಬರೆಯುವ ಮಕ್ಕಳಿಗೆ ಇದು ದೊಡ್ಡ ತೊಡಕು, ಇಷ್ಟು ಚೆನ್ನಾಗಿ ಪಾಠ ಮಾಡುವಲ್ಲಿ ಇದು ಆಗಬಾರದಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ನಂತರದ ಭಾಗವನ್ನು ಎರಡೇ ಶನಿವಾರಗಳಲ್ಲಿ ಮುಗಿಸಿದ್ದೂ ಸಾಲದು.

ಮುಂದಿನ ವರ್ಷ ಮಗನನ್ನೂ ಇಲ್ಲಿಗೇ ಕಳುಹಿಸುತ್ತೇವೆ. ತಿದ್ದಬೇಕಾದ ಪದಗಳ ಪಟ್ಟಿಯನ್ನು ಮಗಳೇ ಬರೆದು ಅಧ್ಯಾಪಕರಿಗೆ ಕೊಟ್ಟಿದ್ದಾಳೆ.